ವಿಶ್ವದ ಆಕಾರ: ಶ್ವಾರ್ಟ್ಸ್‌ಶಿಲ್ಡ್ ಅವರ 1900ರ ಪ್ರಬಂಧ

ವಿಶ್ವದ ಆಕಾರವನ್ನು ಕುರಿತ ಜಿಜ್ಞಾಸೆಯು ಐನ್‌ಸ್ಟೈನ್ ಅವರಿಂದ ಆರಂಭವಾಯಿತೆಂಬ ಗ್ರಹಿಕೆ ವ್ಯಾಪಕವಾಗಿದೆ. ಚರಿತ್ರೆ ಇದನ್ನು ಸಮರ್ಥಿಸುವುದಿಲ್ಲ. ಎಲ್ಲೆಯಿಲ್ಲದಿರುವುದು ಬೇರೆ, ಅನಂತವಾಗಿರುವುದು ಬೇರೆ ಎಂಬುದನ್ನು ರೀಮಾನ್ 1854ರ ತಮ್ಮ ಗಟಿಂಗೆನ್ ಉಪನ್ಯಾಸದಲ್ಲಿಯೇ ಸ್ಪಷ್ಟಪಡಿಸಿದ್ದರು. ಗೋಲದ ಮೇಲ್ಮೈಗೆ ಅಂಚಿಲ್ಲ. ಆದರೂ ಅದರ ವಿಸ್ತೀರ್ಣ ಸಾಂತ.

ಈ ಗಣಿತವಿಚಾರವನ್ನು ಖಗೋಳ ವೀಕ್ಷಣೆಯ ಒರೆಗೆ ಹಚ್ಚಿದವರು ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್. 1900ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಸೇರಿದ್ದ ಖಗೋಳಜ್ಞರ ಸಭೆಯಲ್ಲಿ ಆಕಾಶದ ವಕ್ರತೆ ಎಷ್ಟಿರಬಹುದೆಂಬ ಪ್ರಬಂಧವನ್ನು ಅವರು ಮಂಡಿಸಿದರು. ಭೂಮಿಯು ಸೂರ್ಯನನ್ನು ಸುತ್ತುವಾಗ ನಕ್ಷತ್ರಗಳ ಸ್ಥಾನದಲ್ಲಿ ತೋರುವ ಅಲ್ಪ ಪಲ್ಲಟವೇ ಲಂಬನ. ಆಕಾಶವು ಋಣವಕ್ರತೆಯದಾಗಿದ್ದರೆ ಎಷ್ಟೇ ದೂರದ ನಕ್ಷತ್ರಕ್ಕೂ ಒಂದು ಕನಿಷ್ಠ ಲಂಬನ ಇರಲೇಬೇಕು. ಆದರೆ ಅನೇಕ ನಕ್ಷತ್ರಗಳ ಲಂಬನವು 0.05 ವಿಕಲೆಗಿಂತ ಕಡಿಮೆ. ಆದ್ದರಿಂದ ವಕ್ರತಾತ್ರಿಜ್ಯವು ಭೂಮಿ-ಸೂರ್ಯರ ದೂರದ 40 ಲಕ್ಷ ಪಟ್ಟಿಗಿಂತ ಕಡಿಮೆಯಿರಲಾರದು. ಧನವಕ್ರತೆಯ ಸಾಂತ ಆಕಾಶಕ್ಕೆ ಅವರು ಪಡೆದ ಕನಿಷ್ಠ ಮಿತಿ 10 ಕೋಟಿ ಪಟ್ಟು, ಅಂದರೆ ಸುಮಾರು 1600 ಜ್ಯೋತಿರ್ವರ್ಷ. ಇಂದಿಗೆ ಈ ಸಂಖ್ಯೆಗಳು ತೀರ ಚಿಕ್ಕವು. ವಿಧಾನ ಮಾತ್ರ ಹಳತಾಗಿಲ್ಲ.

ಪ್ರಬಂಧದ ಅನುಬಂಧವು ಇದಕ್ಕಿಂತಲೂ ಮಹತ್ತ್ವದ್ದು. ವಕ್ರತೆಯೇ ಇಲ್ಲದ ಯೂಕ್ಲಿಡ್ ಆಕಾಶವೂ ಸಾಂತವಾಗಿರಬಹುದೆಂದು ಅವರು ಅಲ್ಲಿ ತೋರಿಸಿದರು. ಒಂದು ಘನಾಕೃತಿಯ ಒಂದು ಮುಖದಿಂದ ಹೊರಟವನು ಎದುರು ಮುಖದಿಂದ ಒಳಬರುವಂತಿದ್ದರೆ, ನೋಡುವವನಿಗೆ ಒಂದೇ ಆಕಾಶಗಂಗೆಯು ಅಸಂಖ್ಯ ಪ್ರತಿಗಳಾಗಿ ಕಾಣುತ್ತದೆ. ಸಮತಲ ವಿಶ್ವವೆಂದರೆ ಅನಂತ ವಿಶ್ವವೆಂದು ಈಗಲೂ ಬರೆಯುವ ಜನಪ್ರಿಯ ಗ್ರಂಥಗಳು ಈ ಮಾತನ್ನು ಗಮನಿಸಿದಂತಿಲ್ಲ. 1917ರಲ್ಲಿ ಐನ್‌ಸ್ಟೈನ್ ಗೋಲಾಕಾರದ ಸಾಂತ ವಿಶ್ವವನ್ನು ಆಯ್ದುಕೊಂಡರು. ಸಮೀಕರಣಗಳಷ್ಟೇ ಸಾಂತತೆಯನ್ನು ನಿರ್ಣಯಿಸಲಾರವೆಂದು ಫ್ರೀಡ್‌ಮನ್ 1920ರ ದಶಕದಲ್ಲಿ ಎಚ್ಚರಿಸಿದರು.

2003ರಲ್ಲಿ ಲ್ಯುಮಿನೆ ಮತ್ತು ಸಂಗಡಿಗರು ಹನ್ನೆರಡು ಪಂಚಭುಜ ಮುಖಗಳ ಸಾಂತ ವಿಶ್ವವೊಂದನ್ನು ಸೂಚಿಸಿದರು. ಹಿನ್ನೆಲೆ ವಿಕಿರಣದಲ್ಲಿ ವಿಶಾಲ ಕೋನಗಳ ಏರಿಳಿತ ನಿರೀಕ್ಷೆಗಿಂತ ಕ್ಷೀಣವಾಗಿರುವುದೇ ಅದಕ್ಕೆ ಆಧಾರ. ಅಂತಹ ವಿಶ್ವದಲ್ಲಿ ಆ ವಿಕಿರಣದ ನಕ್ಷೆಯು ಪರಸ್ಪರ ಹೊಂದುವ ವೃತ್ತಜೋಡಿಗಳನ್ನು ತೋರಬೇಕು. 2004ರ ಶೋಧದಲ್ಲಾಗಲಿ, ಅನಂತರ ಪ್ಲಾಂಕ್ ಉಪಗ್ರಹದ ನಕ್ಷೆಗಳಲ್ಲಾಗಲಿ ಅವು ದೊರೆಯಲಿಲ್ಲ. ಪ್ಲಾಂಕ್ ತಂಡದ 2018ರ ವಿಶ್ಲೇಷಣೆಯು, ಗೆಲಾಕ್ಸಿಗಳ ಹಂಚಿಕೆಯ ಮಾಪನಗಳನ್ನೂ ಸೇರಿಸಿಕೊಂಡು, ಆಕಾಶವು ಶೇಕಡ 0.2ರಷ್ಟು ನಿಖರತೆಯಲ್ಲಿ ಸಮತಲವೆಂದು ತಿಳಿಸಿತು. ಶ್ವಾರ್ಟ್ಸ್‌ಶಿಲ್ಡ್ ಅವರ ಘನಾಕೃತಿಯನ್ನು ಈ ಫಲಿತಾಂಶವು ತಳ್ಳಿಹಾಕುವುದಿಲ್ಲ. ಅದು ಕಾಣುವ ವಿಶ್ವಕ್ಕಿಂತ ಬಹಳ ಚಿಕ್ಕದಲ್ಲವೆಂದಷ್ಟೇ ವೃತ್ತಗಳ ಅಭಾವವು ಹೇಳುತ್ತದೆ.