ಪಿಕಪ್ ಇಲ್ಲದ ಅಂಬಾಸಿಡರ್

ಸಂಡೂರು ಸೀಮೆಯ ಚೋರನೂರಿನಲ್ಲಿ ಹಳೆಯ ಅಂಬಾಸಿಡರ್ ಕಾರು ಪಿಕಪ್ ಇಲ್ಲದೆ ಜರ್ಕ್ ಹೊಡೆದರೆ ಮೊದಲ ಅನುಮಾನ ಗಣಿಯ ಕೆಂಪು ಧೂಳಿನ ಮೇಲೆ. ನಾನು ಮೊದಲು ಚೋಕ್ ಎಳೆದು ನೋಡುತ್ತೇನೆ. ಏರ್ ಫಿಲ್ಟರಿಗೆ ಧೂಳು ಕಟ್ಟಿದ್ದರೆ ಗಾಳಿ ಕಡಿಮೆಯಾಗಿ ಹೊಗೆ ಕಪ್ಪಾಗುತ್ತದೆ; ಚೋಕ್ ಎಳೆದರೆ ತೊಂದರೆ ಹೆಚ್ಚುತ್ತದೆ. ಎಂಜಿನ್ ಚೇತರಿಸಿಕೊಂಡರೆ ಕೊರತೆ ಪೆಟ್ರೋಲಿನದು. ಆಗ ಟ್ಯಾಂಕು, ಪೈಪು, ಪಂಪು, ಕಾರ್ಬುರೇಟರ್ ಎಂದು ಅದರ ದಾರಿ ಹಿಡಿಯಬೇಕು.

ಆ ದಾರಿಯಲ್ಲಿ ಒಂದು ಚರಿತ್ರೆಯೂ ಇದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಹುಟ್ಟಿದ ಅಂಬಾಸಿಡರ್, ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಯಿತು. ಅದರ ಹಳೆಯ ಕಾರುಗಳ ರಬ್ಬರ್ ಪೈಪು, ಜೆಟ್ಟಿನ ಅಳತೆ ಎಲ್ಲವೂ ಎಥೆನಾಲ್ ಇಲ್ಲದ ಪೆಟ್ರೋಲಿಗೆ ಹೊಂದಿದ್ದವು. 2003ರಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ಶೇ. 5ರಷ್ಟು ಎಥೆನಾಲ್ ಬೆರೆಯಿತು. ದೇಶದಲ್ಲಿ 2022ಕ್ಕೆ ಅದು ಶೇ. 10ಕ್ಕೇರಿತು, 2023ರಲ್ಲಿ ಶೇ. 20ರ ಮಾರಾಟ ಶುರುವಾಯಿತು.

ಕಾಕಂಬಿ, ಧಾನ್ಯಗಳಿಂದ ತೆಗೆಯುವ ಈ ಎಥೆನಾಲ್ ತನ್ನೊಳಗೇ ಆಮ್ಲಜನಕ ಹೊತ್ತು ಬರುವುದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಅದು ನೀರು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ, ಟ್ಯಾಂಕಿನ ತಳದ ಗಸಿಯನ್ನು ಎಬ್ಬಿಸುತ್ತದೆ. ಹಾಗೆಯೇ ಓಡಿಸುತ್ತಿದ್ದರೆ ವಾಲ್ವ್ ಸುಡಬಹುದು. ಪೈಪು ಬದಲಿಸಿ, ಟ್ಯಾಂಕು ತೊಳೆದು, ಜೆಟ್ ಸರಿಪಡಿಸಿದರೆ ಎಂಜಿನ್ ಉಳಿಯುತ್ತದೆ. ಅದಿರಿನ ನಾಡಿನಲ್ಲಿ ಧೂಳನ್ನು ಬೈಯುವುದು ಸುಲಭ. ಕಬ್ಬನ್ನೂ ಒಮ್ಮೆ ವಿಚಾರಿಸಬೇಕು.