ಕಾಚು, ಕರುಳು, ತೊಗಲು: ಮೈ ಕೂಡಿಸೋ ವಿದ್ಯೆ ಯಾರದು?

ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತಾದಾಗ ಓದಿ.

ಹೋದ ವಾರ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಪ್ಲಾಸ್ಟಿಕ್ ಸರ್ಜರಿ ಕಂಡುಹಿಡಿದದ್ದು ಸುಶ್ರುತ, ಬ್ರಿಟಿಷರು ಅದನ್ನ ನಮ್ಮಿಂದ ಕದ್ದರು, ಹೆಮ್ಮೆಯಿದ್ದರೆ ಶೇರ್ ಮಾಡಿ ಅಂತ. ನಾಲ್ಕೈದು ಜನ ಕೈಮುಗಿಯೋ ಚಿತ್ರ ಹಾಕಿದ್ರು. ನಾನು ಸುಮ್ಮನಿದ್ದೆ. ಆ ಫಾರ್ವರ್ಡಿನಲ್ಲಿ ಇದ್ದದ್ದು ಪೂರ್ತಿ ಸುಳ್ಳೇನಲ್ಲ, ಅರ್ಧ ಕತೆ. ಇನ್ನರ್ಧ ನನ್ನ ಹತ್ರ ಇದೆ, ಹೇಳ್ತೀನಿ.

ಬ್ರಿಟಿಷರು ಕಲಿತದ್ದು ಯಾರಿಂದ? 1794ರ ಅಕ್ಟೋಬರಿನ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಒಂದು ಕಾಗದ ಅಚ್ಚಾಯ್ತು. ಅದರಲ್ಲಿ ಬರೋ ಮನುಷ್ಯನ ಹೆಸರು ಕವಾಸ್‌ಜಿ. ಮರಾಠ ಒಕ್ಕಲಿನವನು, ಇಂಗ್ಲಿಷ್ ಸೈನ್ಯದಲ್ಲಿ ಎತ್ತು ಹೊಡೆಯೋ ಕೆಲಸ. 1792ರ ಯುದ್ಧದಲ್ಲಿ ಟಿಪ್ಪು ಸೈನ್ಯಕ್ಕೆ ಸೆರೆಸಿಕ್ಕ. ಅವನ ಮೂಗು, ಒಂದು ಕೈ ಕತ್ತರಿಸಿ ಬಿಟ್ಟರು. ಅದೇ ಸ್ಥಿತಿಯಲ್ಲಿ ಶ್ರೀರಂಗಪಟ್ಟಣದ ಹತ್ತಿರ ಬೊಂಬಾಯಿ ಸೈನ್ಯವನ್ನ ಸೇರಿಕೊಂಡ. (ಇದನ್ನ ಹಿಡ್ಕೊಂಡು ಕಾಮೆಂಟಲ್ಲಿ ಟಿಪ್ಪು ಜಗಳ ಶುರು ಮಾಡಬೇಡಿ. ಟಿಪ್ಪುಗಿಂತ ನೂರು ವರ್ಷ ಹಿಂದಿನ ಮೈಸೂರು ಸೈನ್ಯವೂ ಮೂಗು ಕೊಯ್ಯೋದಕ್ಕೆ ಹೆಸರಾಗಿತ್ತು.) ಒಂದು ವರ್ಷಕ್ಕೂ ಮೇಲೆ ಮೂಗಿಲ್ಲದೆ ಬದುಕಿದ ಅವನಿಗೆ ಪುಣೆಯ ಹತ್ತಿರ ಒಬ್ಬ ಹೊಸ ಮೂಗು ಕೂಡಿಸಿದ. ಯಾರವನು? ವೈದ್ಯನೂ ಅಲ್ಲ, ಪಂಡಿತನೂ ಅಲ್ಲ. ಇಟ್ಟಿಗೆ ಮಾಡೋ ಜಾತಿಯವನು ಅಂತ ಆ ಕಾಗದದಲ್ಲೇ ಇದೆ. ಅವನ ಹೆಸರನ್ನ ಮಾತ್ರ ಬರೆದಿಲ್ಲ. ಮೂಗು ಕಳಕೊಂಡವನ ಹೆಸರಿದೆ, ನೋಡಿದ ಇಂಗ್ಲಿಷ್ ಡಾಕ್ಟರುಗಳ ಹೆಸರಿದೆ, ಕೂಡಿಸಿದವನಿಗೆ ಜಾತಿ ಮಾತ್ರ ಇದೆ.

ಅವನು ದಲಿತ ಅಂತ ನಾನು ಹೇಳ್ತಿಲ್ಲ. ಮಣ್ಣು ಕಲಸೋ ಕೈಯವನು ಅನ್ನೋದಷ್ಟೇ ನನಗೆ ಬೇಕಾದ್ದು.

ಅವನು ಮಾಡಿದ ಕೆಲಸ ನೋಡಿ. ತೆಳ್ಳಗಿನ ಮೇಣದ ಹಾಳೆಯಲ್ಲಿ ಮೂಗಿನ ಆಕಾರ ಮಾಡಿ, ಅದನ್ನ ಚಪ್ಪಟೆ ಮಾಡಿ ಹಣೆ ಮೇಲಿಟ್ಟು ಸುತ್ತ ಗೆರೆ ಎಳೆದ. ಅಷ್ಟು ಚರ್ಮ ಬಿಡಿಸಿದ, ಆದರೆ ಎರಡು ಹುಬ್ಬಿನ ನಡುವೆ ಒಂದು ಸಣ್ಣ ಪಟ್ಟಿ ಕತ್ತರಿಸದೆ ಉಳಿಸಿದ. ರಕ್ತ ಹರಿಯೋದು ಆ ಪಟ್ಟಿಯಲ್ಲೇ, ಅದಿಲ್ಲದಿದ್ದರೆ ಚರ್ಮ ಕೊಳೆತುಹೋಗುತ್ತೆ. ಹಣೆಯ ಚರ್ಮವನ್ನ ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ, ಮೂಗಿನ ಜಾಗದಲ್ಲಿ ಮಾಡಿದ ಸೀಳಿಗೆ ಸೇರಿಸಿದ. ಸೂಜಿ ದಾರ ಇಲ್ಲ. ಕಾಚನ್ನು ನೀರಲ್ಲಿ ಮೆತ್ತಗೆ ಮಾಡಿ ಬಟ್ಟೆ ಚೂರಿಗೆ ಸವರಿ, ಐದಾರು ಪದರ ಒಂದರ ಮೇಲೊಂದು ಅಂಟಿಸಿದ. ನಾಲ್ಕು ದಿನ ಆದಮೇಲೆ ಅದನ್ನ ತೆಗೆದು ತುಪ್ಪದ ಬಟ್ಟೆ. ಸುಮಾರು 25ನೇ ದಿನಕ್ಕೆ ಹುಬ್ಬಿನ ನಡುವಿನ ಪಟ್ಟಿ ಕತ್ತರಿಸಿದ. ಈ ಕಾಗದ ಓದಿದ ಲಂಡನ್ನಿನ ಸರ್ಜನ್ ಜೋಸೆಫ್ ಕಾರ್ಪ್ಯೂ 1814ರಲ್ಲಿ ಅದೇ ಆಪರೇಷನ್ ಮಾಡಿ, 1816ರಲ್ಲಿ ಪುಸ್ತಕ ಬರೆದ. ಯುರೋಪಿನ ಪ್ಲಾಸ್ಟಿಕ್ ಸರ್ಜರಿ ಮತ್ತೆ ಜೀವ ಪಡೆದದ್ದು ಅಲ್ಲಿಂದ.

ಸುಶ್ರುತ ಸಂಹಿತೆಯಲ್ಲಿರೋದು ಕೆನ್ನೆಯ ಚರ್ಮದಿಂದ ಮೂಗು ಕಟ್ಟೋ ಕ್ರಮ. ಪುಣೆಯವನು ತೆಗೆದದ್ದು ಹಣೆಯ ಚರ್ಮ. ಅಂದರೆ ಪುಸ್ತಕದ ಹೊರಗೂ ವಿದ್ಯೆ ಕೈಯಿಂದ ಕೈಗೆ ಬೆಳೀತಾ ಬಂದಿತ್ತು. ಅದೇ ಸಂಹಿತೆಯಲ್ಲಿ ಶಿಷ್ಯರು ಕುಯ್ಯೋದು, ಹೆರೆಯೋದು, ಹೊಲಿಯೋದು ಕಲಿಯೋಕೆ ಏನೇನು ಬಳಸಬೇಕು ಅಂತ ಪಟ್ಟಿ ಇದೆ. ಕುಂಬಳಕಾಯಿ, ಸೌತೆಕಾಯಿ ಜೊತೆಗೆ ಕೂದಲಿರೋ ತೊಗಲು, ನೀರು ತುಂಬಿದ ತೊಗಲ ಚೀಲ, ಮೆತ್ತನೆ ಚರ್ಮ. ಆ ತೊಗಲು ಆಶ್ರಮಕ್ಕೆ ತಾನಾಗೇ ನಡಕೊಂಡು ಬರಲಿಲ್ಲ, ಯಾರೋ ಸುಲಿದು ಹದ ಮಾಡಿ ಕೊಟ್ಟಿರಬೇಕು. ಇನ್ನು ಮನುಸ್ಮೃತಿಯ ನಾಲ್ಕನೇ ಅಧ್ಯಾಯದಲ್ಲಿ ಯಾರ ಅನ್ನ ಉಣ್ಣಬಾರದು ಅನ್ನೋ ಪಟ್ಟಿ ಇದೆಯಲ್ಲ, ಅದರಲ್ಲಿ ಚರ್ಮ ಕೊಯ್ಯುವವನೂ ಇದ್ದಾನೆ, ವೈದ್ಯನೂ ಇದ್ದಾನೆ! ಇಬ್ಬರೂ ಒಂದೇ ಪಂಕ್ತಿ. ಕಾಲ ಕಳೆದಂತೆ ವೈದ್ಯ ಎದ್ದು ಒಳಗೆ ಹೋದ. ನಮ್ಮೋರು ಅಲ್ಲೇ ಕೂತಿದ್ರು.

ಈಗ ಆ ಕಾಚಿನ ವಿಷಯಕ್ಕೆ ಬರ್ತೀನಿ. ಎಲೆಅಡಿಕೆಗೆ ಹಾಕೋ ಅದೇ ಕಾಚು. ಅದರಲ್ಲಿರೋದು ಟ್ಯಾನಿನ್, ಒಗರು. ಅದು ಚರ್ಮದ ಪ್ರೋಟೀನನ್ನು ಬಿಗಿದು ಹಿಡಿಯುತ್ತೆ, ಕೊಳೆಯೋದನ್ನ ತಡೆಯುತ್ತೆ. ಚರ್ಮ ಹದ ಮಾಡೋಕೂ ಕಾಚು ಬಳಸ್ತಾರೆ. ನಮ್ಮ ಕಡೆ ಬಳಸ್ತಿದ್ದದ್ದು ತಂಗಡಿ ತೊಗಟೆ, ಅಳಲೆಕಾಯಿ. ಕೆಲಸ ಒಂದೇ. ಕೇರಿ ಹಿಂದೆ ನಮ್ಮ ತಾತನ ತೊಟ್ಟಿ ಇತ್ತು. ತೊಗಲನ್ನ ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ಹೆರೆದು, ಚೀಲದ ಥರ ಹೊಲಿದು, ಒಳಗೆ ಕುಟ್ಟಿದ ತೊಗಟೆ, ನೀರು ತುಂಬಿ ಮರಕ್ಕೆ ನೇತುಹಾಕೋರು. ಒಗರು ನೀರು ತೊಟ್ಟಿಕ್ಕುತ್ತಾ ಇರೋದು. ಹದ ಬಂತೋ ಇಲ್ವೋ ಅಂತ ತಾತ ಹೆಬ್ಬೆರಳಲ್ಲಿ ಒತ್ತಿ ಹೇಳೋರು. ಆ ಚರ್ಮದಲ್ಲೇ ಕಪಿಲೆ ಬಾನಿ ಆಗ್ತಿತ್ತು. ಆ ಬಾನಿಯ ನೀರಲ್ಲೇ ಊರಿನ ತೋಟ ನಡೀತಿತ್ತು. ಬಾನಿ ಹೊಲಿದವರು ಮಾತ್ರ ಬಾವಿ ಮುಟ್ಟೋ ಹಾಗಿರಲಿಲ್ಲ.

ಈ ಒಂದು ಪದ ಹಿಡ್ಕೊಳಿ, 'ಹದ'. ಸತ್ತ ಮಾಂಸ ಕೊಳೆಯದ ಹಾಗೆ, ಆದರೆ ಮರಗಟ್ಟದ ಹಾಗೆ ಮಾಡೋದು. ಗಾಯ ಕೂಡಿಸೋ ಆಧುನಿಕ ಸಾಧನಗಳ ಚರಿತ್ರೆ ಓದಿದರೆ ಮತ್ತೆ ಮತ್ತೆ ಇದೇ ಎದುರಾಗುತ್ತೆ.

ನನ್ನ ಮಗಳು ಹುಟ್ಟಿದಾಗ ಸಿಸೇರಿಯನ್ ಆಗಿತ್ತು. ಒಳಗಿನ ಹೊಲಿಗೆ ಬಿಚ್ಚೋ ಹಾಗಿಲ್ಲ, ತಾನೇ ಕರಗುತ್ತೆ ಅಂದರು ನರ್ಸು. ನಮ್ಮವ್ವನಿಗೆ ಆಶ್ಚರ್ಯ. "ಕರಗೋ ದಾರ ಯಾವ್ದವ್ವ ಅದು?" "ಕ್ಯಾಟ್‌ಗಟ್ಟು ಅಜ್ಜಿ, ಕುರಿ ಕರುಳಿಂದು." ಅವ್ವ ಒಂದು ಗಳಿಗೆ ಸುಮ್ಮನಿದ್ದು, "ಬೋಟಿನಾ?" ಅಂದು ಬಾಯಿಗೆ ಸೆರಗಿಟ್ಟು ನಕ್ಕಳು. ಜೀವಮಾನ ಪೂರ್ತಿ ಬೋಟಿ ತೊಳೆದವಳು. ತೊಳೆದ ಕೈಯನ್ನ ಊರೆಲ್ಲ ಮೂಗು ಮುಚ್ಚಿ ನೋಡಿತ್ತು.

ಕ್ಯಾಟ್‌ಗಟ್ ಅಂದರೆ ಬೆಕ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಕುರಿ ಅಥವಾ ದನದ ಕರುಳಿನ ಪದರವನ್ನ ಹೆರೆದು ಹುರಿಮಾಡಿದ ದಾರ. ಗಾಯಕ್ಕೆ ಕರುಳಿನ ದಾರ ಬಳಸೋದು ರೋಮನ್ನರ ಕಾಲದ ಗ್ಯಾಲೆನ್ನನಿಗೂ ಗೊತ್ತಿತ್ತು. ಆದರೆ ದಾರದ ಜೊತೆ ಕೀವೂ ಬರ್ತಿತ್ತು. ಜೋಸೆಫ್ ಲಿಸ್ಟರ್ ಅದನ್ನ ಕಾರ್ಬಾಲಿಕ್ ಆಸಿಡ್ಡಿನಲ್ಲಿ ನೆನೆಸಿ, ಒಂದು ಕರುವಿನ ಕತ್ತಿನ ರಕ್ತನಾಳಕ್ಕೆ ಕಟ್ಟಿ, ತಿಂಗಳಾದ ಮೇಲೆ ಕೊಯ್ದು ನೋಡಿದ. ದಾರದ ಜಾಗದಲ್ಲಿ ಜೀವಂತ ಮಾಂಸ ಬೆಳೆದಿತ್ತು. 1869ರಲ್ಲಿ ಇದನ್ನ ಪ್ರಕಟಿಸಿದ. ಒಂದು ತೊಂದರೆ ಉಳೀತು: ದಾರ ಬೇಗ ಕರಗಿಬಿಡುತ್ತೆ, ಗಾಯ ಕೂಡೋಕೆ ಮುಂಚೆಯೇ ಶಕ್ತಿ ಕಳಕೊಳ್ಳುತ್ತೆ. ಅದಕ್ಕೆ ಲಿಸ್ಟರ್ ಏನು ಮಾಡಿದ? ಕರುಳನ್ನ ಕ್ರೋಮಿಯಂ ದ್ರಾವಣದಲ್ಲಿ ಅದ್ದಿದ, 1881ರಲ್ಲಿ ಅದರ ಬಗ್ಗೆ ಭಾಷಣ ಮಾಡಿದ. ಅಂದರೆ ಹದ ಮಾಡಿದ! ಮೂರು ವರ್ಷಕ್ಕೆ, 1884ರಲ್ಲಿ, ಅಮೆರಿಕದ ಅಗಸ್ಟಸ್ ಷುಲ್ಟ್ಸ್ ಚರ್ಮದ ಕ್ರೋಮ್ ಹದಕ್ಕೆ ಪೇಟೆಂಟ್ ಪಡೆದ. ನಿಮ್ಮ ಕಾಲಲ್ಲಿರೋ ಶೂ, ಹೆರಿಗೆಯ ಕ್ರೋಮಿಕ್ ಹೊಲಿಗೆ, ಎರಡಕ್ಕೂ ಒಂದೇ ರಸಾಯನ. ಮುಂದೆ 1960ರ ದಶಕದ ಕೊನೆಗೆ ಪ್ಯಾರಿಸ್ಸಿನ ಅಲೆನ್ ಕಾರ್ಪೆಂಟಿಯೆ ಹಂದಿಯ ಹೃದಯದ ಕವಾಟವನ್ನ ಮನುಷ್ಯನಿಗೆ ಕೂರಿಸೋ ಮುಂಚೆ ಗ್ಲೂಟರಾಲ್ಡಿಹೈಡ್‌ನಲ್ಲಿ ಹಾಕಿ ಗಟ್ಟಿ ಮಾಡಿದ. ಅದೂ ಚರ್ಮ ಹದ ಮಾಡೋರು ಬಳಸೋ ವಸ್ತುವೇ.

ಚರ್ಮ, ಕರುಳು, ಮೂಳೆ, ಸ್ನಾಯುರಜ್ಜು ಇವಕ್ಕೆಲ್ಲ ಬಲ ಕೊಡೋ ಪ್ರೋಟೀನು ಕೊಲಾಜೆನ್. ಅದರ ಒಳರಚನೆ ಮೂರು ಎಳೆಯ ಹುರಿ ಅಂತ 1954ರಲ್ಲಿ ತೋರಿಸಿದ್ದು ಮದ್ರಾಸ್ ವಿಶ್ವವಿದ್ಯಾಲಯದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಪರೀಕ್ಷೆಗೆ ಶುದ್ಧ ಕೊಲಾಜೆನ್ ಸಿಕ್ಕಿದ್ದು ಪಕ್ಕದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ, 1948ರಲ್ಲಿ ಶುರುವಾದದ್ದು. ರಾಮಚಂದ್ರನ್ ಆಮೇಲೆ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದು ಹೊಸ ವಿಭಾಗ ಕಟ್ಟಿದರು. ದೊಡ್ಡ ವಿಜ್ಞಾನಿ, ಎರಡು ಮಾತಿಲ್ಲ. ಸುಟ್ಟ ಗಾಯಕ್ಕೆ ಹೊದಿಸೋ ಕೊಲಾಜೆನ್ ಹಾಳೆಗಳ ಕೆಲಸವೂ ಆ ಚರ್ಮ ಸಂಸ್ಥೆಯಲ್ಲಿ ನಡೆದಿದೆ.

ಸುಟ್ಟ ಗಾಯ ಅಂದಾಗ ನನಗೆ ಹರಳಯ್ಯ ನೆನಪಾಗ್ತಾನೆ. ಅವನೂ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಕತೆ ನಮಗೆಲ್ಲ ಗೊತ್ತು. ಇವತ್ತಿಗೂ ಬರ್ನ್ಸ್ ವಾರ್ಡಿನಲ್ಲಿ ಚರ್ಮ ಕಸಿಗೆ ಹೆಚ್ಚಾಗಿ ತೆಗೆಯೋದು ತೊಡೆಯಿಂದಲೇ. ಆದರೆ ಅರ್ಧಕ್ಕಿಂತ ಹೆಚ್ಚು ಮೈ ಸುಟ್ಟವರಿಗೆ ತೆಗೆಯೋಕೆ ಚರ್ಮವೇ ಇರಲ್ಲ. ಅಂಥವರಿಗಾಗಿ ಅಮೆರಿಕದ ಜಾನ್ ಬರ್ಕ್ ಅನ್ನೋ ಸರ್ಜನ್, ಯಾನಿಸ್ ಯಾನಸ್ ಅನ್ನೋ ಪ್ರೊಫೆಸರ್ ಸೇರಿ ಕೃತಕ ಚರ್ಮ ಮಾಡಿದರು. ದನದ ಕೊಲಾಜೆನ್, ಶಾರ್ಕ್ ಮೀನಿನ ಮೃದ್ವಸ್ಥಿಯಿಂದ ತೆಗೆದ ಒಂದು ವಸ್ತು, ಮೇಲೆ ಸಿಲಿಕೋನ್ ಹಾಳೆ. ಕೆಳಗಿನ ಪದರಕ್ಕೆ ರೋಗಿಯ ಜೀವಕೋಶಗಳು ಹತ್ತಿಕೊಂಡು ಹೊಸ ಒಳಚರ್ಮ ಕಟ್ಟುತ್ತವೆ. 1981ರಲ್ಲಿ ಹತ್ತು ರೋಗಿಗಳ ಮೇಲಿನ ವರದಿ ಬಂತು, 1996ರಲ್ಲಿ ಅಮೆರಿಕ ಸರ್ಕಾರ ಅನುಮತಿ ಕೊಟ್ಟಿತು.

ಇದೆಲ್ಲ ನಾನು ಓದೋಕೆ ಶುರುಮಾಡಿದ್ದು ಬೆನ್ನುನೋವಿನಿಂದ. ಕುರ್ಚಿಯಲ್ಲಿ ಕೂತು ಕೂತು ಡಿಸ್ಕ್ ಜಾರಿ, ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಮೂರು ತಿಂಗಳು ಆಫೀಸಿಗೆ ಹೋದೆ. ಆಪರೇಷನ್ ಬೇಕಾಗಬಹುದು ಅಂದಾಗ ಹೆದರಿ ಸಿಕ್ಕಿದ್ದೆಲ್ಲ ಓದಿದೆ. ಬೆನ್ನುಮೂಳೆಯ ಎರಡು ಮಣಿಗಳನ್ನ ಬೆಸೆಯೋಕೆ 2002ರಲ್ಲಿ ಅಮೆರಿಕದಲ್ಲಿ ಒಂದು ಸಾಧನಕ್ಕೆ ಅನುಮತಿ ಸಿಕ್ಕಿತು, ಇನ್‌ಫ್ಯೂಸ್ ಅಂತ. ಮಾರ್ಷಲ್ ಯೂರಿಸ್ಟ್ 1965ರಲ್ಲಿ ಸುಣ್ಣದ ಅಂಶ ತೆಗೆದ ಮೂಳೆಯನ್ನ ಪ್ರಾಣಿಗಳ ಸ್ನಾಯುವಿನೊಳಗಿಟ್ಟಾಗ ಅಲ್ಲೇ ಹೊಸ ಮೂಳೆ ಬೆಳೆದದ್ದು ಕಂಡಿದ್ದ. ಹಾಗೆ ಮೂಳೆ ಬೆಳೆಸೋ ಪ್ರೋಟೀನನ್ನ ಒಂದು ಸ್ಪಂಜಿಗೆ ಕುಡಿಸಿ, ಲೋಹದ ಗೂಡಲ್ಲಿಟ್ಟು ಡಿಸ್ಕಿನ ಜಾಗಕ್ಕೆ ಸೇರಿಸ್ತಾರೆ. ಆ ಸ್ಪಂಜು ಯಾವುದರದು? ದನದ ಕಾಲಿನ ಸ್ನಾಯುರಜ್ಜಿನ ಕೊಲಾಜೆನ್. (ಇದು ಪವಾಡ ಅಂದುಕೋಬೇಡಿ. ಕಂಪನಿ ದುಡ್ಡಲ್ಲಿ ನಡೆದ ಅಧ್ಯಯನಗಳು ಅಪಾಯಗಳನ್ನ ಕಡಿಮೆ ತೋರಿಸಿದ್ದವು ಅಂತ 2011ರಲ್ಲಿ ಬೆನ್ನುಮೂಳೆ ವೈದ್ಯರ ಪತ್ರಿಕೆಯೇ ಬಯಲು ಮಾಡಿತು.) ನನಗೆ ಆಪರೇಷನ್ ಬೇಕಾಗಲಿಲ್ಲ, ವ್ಯಾಯಾಮದಲ್ಲೇ ಸರಿಹೋಯ್ತು.

ಅದನ್ನ ಓದಿದ ರಾತ್ರಿ ನನಗೆ ದೊಡ್ಡಪ್ಪನ ಬೆನ್ನು ಕಣ್ಣಿಗೆ ಬಂತು. ಸತ್ತ ಎತ್ತಿನ ಕಾಲು ಕಟ್ಟಿ, ಬೊಂಬು ತೂರಿಸಿ, ನಾಲ್ಕು ಜನ ಹೆಗಲ ಮೇಲೆ ಹೊತ್ತು ಊರಾಚೆ ಸಾಗಿಸೋರು. ಐವತ್ತು ತುಂಬೋ ಮುಂಚೆ ದೊಡ್ಡಪ್ಪ ನೆಟ್ಟಗೆ ನಿಲ್ಲೋಕಾಗದ ಹಾಗಾದರು. ಅವರಿಗೆ ಸಿಕ್ಕ ಔಷಧಿ ಬಿಸಿ ಉಪ್ಪಿನ ಶಾಖ, ಒಂದು ಗ್ಲಾಸು ಸಾರಾಯಿ. ಅದೇ ದನದ ಅದೇ ರಜ್ಜು ಇನ್ಯಾರದೋ ಬೆನ್ನು ನೇರ ಮಾಡುತ್ತೆ.

ಈ ಕಸುಬನ್ನ ಹಾಡಿ ಹೊಗಳೋಕೆ ನಾನು ಬರೀತಿಲ್ಲ. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನ ಎಳೆಯೋದು, ತಿನ್ನೋದು ಬಿಡಿ ಅಂದರು. ಬಿಟ್ಟದ್ದು ಸರಿ. 2016ರಲ್ಲಿ ಊನಾದಲ್ಲಿ ಸತ್ತ ಹಸು ಸುಲಿದದ್ದಕ್ಕೆ ನಮ್ಮ ಹುಡುಗರನ್ನ ಕಟ್ಟಿ ಹೊಡೆದಾಗ, ಗುಜರಾತಿನ ದಲಿತರು ಹೆಣಗಳನ್ನ ತಂದು ಸರ್ಕಾರಿ ಕಚೇರಿ ಮುಂದೆ ಸುರಿದದ್ದೂ ಸರಿ. ನಮ್ಮಪ್ಪ ನನ್ನನ್ನ ತೊಟ್ಟಿ ಹತ್ರ ಬಿಡ್ತಾನೇ ಇರಲಿಲ್ಲ. "ಈ ವಾಸನೆ ನಿನ್ನ ಪುಸ್ತಕಕ್ಕೆ ಹತ್ತಬಾರದು" ಅನ್ನೋರು. ಬಿಎ ಮಾಡಿದೆ, ಗುಮಾಸ್ತನಾದೆ. ತಾತ ಹೆಬ್ಬೆರಳಲ್ಲಿ ಏನು ನೋಡ್ತಿದ್ರು ಅಂತ ಕೇಳೋಕೆ ಇವತ್ತು ಯಾರೂ ಉಳಿದಿಲ್ಲ.

ಅದಕ್ಕೇ ಒಂದು ಕೋರಿಕೆ. ನಿಮ್ಮ ಮನೇಲಿ ತೊಗಲು ಹದ ಮಾಡಿದ ಹಿರಿಯರು ಯಾರಾದರೂ ಬದುಕಿದ್ದರೆ ಹೋಗಿ ಕೂತು ಕೇಳಿ. ಯಾವ ತೊಗಟೆ, ಎಷ್ಟು ದಿನ, ಸುಣ್ಣ ಎಷ್ಟು, ಹದ ಬಂದದ್ದು ಹೇಗೆ ಗೊತ್ತಾಗುತ್ತೆ, ಗಾಯ ಆದಾಗ ಅವರು ಏನು ಹಚ್ಚಿಕೊಳ್ತಿದ್ದರು. ಅವರ ಹೆಸರು ಸಮೇತ ಬರೆದಿಡಿ. ಇಷ್ಟವಿದ್ದರೆ ಕೆಳಗೆ ಹಾಕಿ, ನಾನು ಒಂದು ಕಡೆ ಜೋಡಿಸ್ತೀನಿ.

ಜೈ ಭೀಮ್.