ಹಿರಿಯ ದುರ್ಬೀನೂ ಬಾನಿನ ಪರಿಚಯವೂ

ನಕ್ಷತ್ರವೀಕ್ಷಣೆಗೆಂದು ಹಿರಿಯ ಜೋಡಿ ದುರ್ಬೀನನ್ನು ಕೊಳ್ಳಬಯಸುವ ನಾವು ಇಂಗ್ಲೆಂಡಿನ ಉಪಾಧ್ಯಾಯ ಜಾರ್ಜ್ ಆಲ್ಕಾಕರ ಚರಿತ್ರೆಯನ್ನು ಸ್ಮರಿಸುವುದು ಉಚಿತ. 1953ರಲ್ಲಿ ಧೂಮಕೇತುಗಳನ್ನು ಅರಸತೊಡಗಿದ ಅವರಿಗೆ ಆರು ವರ್ಷಗಳವರೆಗೆ ಒಂದೂ ದೊರೆಯಲಿಲ್ಲ. 1959ರ ಆಗಸ್ಟ್ 25ರಂದು ಒಂದು, 30ರಂದು ಮತ್ತೊಂದು ಕಾಣಿಸಿದುವು. ಅವರ ದುರ್ಬೀನಿನ ಗಾಜಿನ ಅಡ್ಡಳತೆ 105 ಮಿಲಿಮೀಟರು. 50 ಮಿಲಿಮೀಟರಿನ ಗಾಜಿಗಿಂತ ಅದು ನಾಲ್ಕು ಮಡಿಗೂ ಮಿಗಿಲಾಗಿ ಬೆಳಕನ್ನು ಕೂಡಿಸುವುದು. ಆದರೆ ನೋಟವನ್ನು 25 ಮಡಿ ಹಿಗ್ಗಿಸುವ ಈ ಉಪಕರಣವು ಕೈಯ ನಡುಕವನ್ನೂ ಅಷ್ಟೇ ಹಿಗ್ಗಿಸುವುದರಿಂದ ಭದ್ರವಾದ ಮುಕ್ಕಾಲಿ ಪೀಠವು ಅವಶ್ಯಕ.

1983ರ ಮೇ ತಿಂಗಳಿನಲ್ಲಿ ಅವರು ಮನೆಯೊಳಗಿನಿಂದಲೇ, ಮುಚ್ಚಿದ ಕಿಟಕಿಯ ಗಾಜಿನ ಮೂಲಕ, 80 ಮಿಲಿಮೀಟರಿನ ಕಿರಿಯ ದುರ್ಬೀನಿನಿಂದ ಇನ್ನೊಂದು ಧೂಮಕೇತುವನ್ನು ಗುರುತಿಸಿದರು. ಸಹಸ್ರಾರು ನಕ್ಷತ್ರಗಳ ನೆಲೆಯು ಅವರ ನೆನಪಿನಲ್ಲಿ ಅಚ್ಚೊತ್ತಿದ್ದುದೇ ಇದಕ್ಕೆ ಕಾರಣ. ಆದುದರಿಂದ ಗಾಜನ್ನು ಹಿರಿದುಮಾಡುವುದಕ್ಕೆ ಮೊದಲು ನಾವು ಬಾನಿನ ಪರಿಚಯವನ್ನು ಹಿರಿದುಮಾಡಿಕೊಳ್ಳೋಣ.